ಮನೆಯಲ್ಲಿ ತೋಟಾ ತುಂಬಿದರೆ ಅರ್ಧ ದುಡ್ಡು ಉಳಿಯುತ್ತಾ?

ಸಂಪಾದಕರೇ,

ಎರಡು ಭಾನುವಾರದ ಹಿಂದೆ ನಿಮ್ಮ ಪುರವಣಿಯಲ್ಲಿ ಅಮೆರಿಕದವರ ಕೋವಿ ಹುಚ್ಚಿನ ಬಗ್ಗೆ ಒಂದು ಬರಹ ಬಂದಿತ್ತು. ಚೆನ್ನಾಗಿತ್ತು, ತಕರಾರಿಲ್ಲ. ಆದರೆ ನಡುವೆ ಒಂದು ಸಾಲು ಇತ್ತು. ಅಲ್ಲಿನವರು ಖಾಲಿ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುತ್ತಾರೆ, ಅರ್ಧಕ್ಕರ್ಧ ದುಡ್ಡು ಉಳಿಯುತ್ತದೆ, ಕಲಿಯೋದಕ್ಕೆ ಒಂದು ಮಧ್ಯಾಹ್ನ ಸಾಕು ಅಂತ. ಆ ಒಂದು ಸಾಲಿನಿಂದ ನನಗೆ ಎರಡು ಫೋನ್ ಬಂದವು. ಅದಕ್ಕೇ ಈ ಪತ್ರ.

ಮೊದಲನೆಯದು ಊರಿಂದ, ತೀರ್ಥಹಳ್ಳಿ ಕಡೆಯಿಂದ, ನಮ್ಮಣ್ಣನ ಮಗನದು. ಅವನ ಹತ್ತಿರ ಬೆಳೆ ರಕ್ಷಣೆಗೆ ಅಂತ ಪರವಾನಗಿ ಇರುವ ಒಂಟಿ ನಳಿಗೆ ಕೋವಿ ಇದೆ. "ಚಿಕ್ಕಪ್ಪಾ, ಆ ತೋಟಾ ತುಂಬೋ ಮೆಷಿನ್ ಒಂದು ಬರುವಾಗ ತಂದುಬಿಡಿ, ಇಲ್ಲಿ ಹಂದಿ ಕಾಟ ತಡೆಯಕ್ಕಾಗ್ತಿಲ್ಲ, ಅಂಗಡಿಯಲ್ಲಿ ತೋಟಾ ಸಿಗೋದೇ ಕಷ್ಟ" ಅಂದ. ಎರಡನೆಯದು ಇಲ್ಲೇ, ನಮ್ಮ ಕನ್ನಡ ಕೂಟದ ಒಬ್ಬ ಹುಡುಗನದು. ಸಾಫ್ಟ್‌ವೇರ್ ಕೆಲಸ, ಎಚ್‌-1ಬಿ ವೀಸಾ, ಬಂದು ಎರಡು ವರ್ಷ. "ಅಂಕಲ್, ನೀವು ಮಾಡ್ತೀರಂತೆ, ನನಗೂ ಹೇಳಿಕೊಡಿ, ಗ್ಯಾರೇಜು ಖಾಲಿ ಇದೆ" ಅಂದ. ಇಬ್ಬರಿಗೂ ನಾನು ಬೇಡ ಅಂದೆ. ಇಬ್ಬರಿಗೂ ಬೇಜಾರಾಯಿತು. ನಾನು ಮಾತ್ರ ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡಿಕೊಂಡು ಬೇರೆಯವರಿಗೆ ಬೇಡ ಅನ್ನುತ್ತೇನಲ್ಲ, ಅದು ಅವರಿಗೆ ಅರ್ಥವಾಗಲಿಲ್ಲ. ಸರಿ, ಬರೆದೇ ಹೇಳುತ್ತೇನೆ.

ನಾನಿರುವುದು ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಲ್ವಾಕಿ ಹತ್ತಿರ. ಬೇಟೆ ಆಡುವವನಲ್ಲ. ವಾರಕ್ಕೊಮ್ಮೆ ಟ್ರ್ಯಾಪ್ ಆಡುತ್ತೇನೆ. ಮಣ್ಣಿನ ಬಿಲ್ಲೆಯನ್ನು ಯಂತ್ರ ಗಾಳಿಗೆ ಎಸೆಯುತ್ತದೆ, ಅದನ್ನು ಚರೆ, ಅಂದರೆ ಸಣ್ಣ ಸೀಸದ ಕಾಳು, ಹೊಡೆದು ಪುಡಿ ಮಾಡಬೇಕು, ಅಷ್ಟೇ ಆಟ. ಒಂದು ಸುತ್ತಿಗೆ 25 ಬಿಲ್ಲೆ, ಅಂದರೆ ಒಂದು ಡಬ್ಬಿ ತೋಟಾ ಖಾಲಿ. ನಮ್ಮ ರಾಜ್ಯವರ್ಧನ್ ಸಿಂಗ್ ರಾಥೋಡ್ 2004ರಲ್ಲಿ ಅಥೆನ್ಸಿನಲ್ಲಿ ಬೆಳ್ಳಿ ಗೆದ್ದದ್ದು ಇದೇ ಜಾತಿಯ ಆಟದಲ್ಲಿ, ಡಬಲ್ ಟ್ರ್ಯಾಪಿನಲ್ಲಿ. ವಾರಕ್ಕೆ ನಾಲ್ಕು ಸುತ್ತು ಆಡುವವನ ಕಾಲ ಬುಡದಲ್ಲಿ ನೂರು ಖಾಲಿ ತೋಟಾ ಬಿದ್ದಿರುತ್ತವೆ. ಕೆಂಪು, ಹಸಿರು ಪ್ಲಾಸ್ಟಿಕ್ಕು, ತಳದಲ್ಲಿ ಹಿತ್ತಾಳೆ ಬಣ್ಣದ ಟೋಪಿ. ನೋಡಿದರೆ ಬಿಸಾಡಲು ಮನಸ್ಸು ಬರುವುದಿಲ್ಲ, ನಮ್ಮ ಕಡೆಯವರಿಗಂತೂ ಬರೋದೇ ಇಲ್ಲ. ಬಿಸ್ಕತ್ ಡಬ್ಬದಲ್ಲಿ ಸಾಸಿವೆ ಇಟ್ಟುಕೊಂಡು ಬೆಳೆದವರಲ್ವಾ ನಾವು. ಹಾಗೆ ಶುರುವಾಯಿತು ನನ್ನದು.

ಈಗ ದುಡ್ಡಿನ ಲೆಕ್ಕ. ಇಲ್ಲಿ ಚರೆ 25 ಪೌಂಡಿನ ಚೀಲದಲ್ಲಿ ಬರುತ್ತದೆ. ಪೌಂಡಿಗೆ 16 ಔನ್ಸ್, ಅಂದರೆ ಚೀಲಕ್ಕೆ 400 ಔನ್ಸ್. 12 ಬೋರಿನ ತೋಟಾಗೆ ಒಂದು ಔನ್ಸ್ ಚರೆ ಹಾಕಿದರೆ 400 ತೋಟಾ, ಒಂದೂ ಎಂಟನೇ ಒಂದು ಔನ್ಸ್ ಹಾಕಿದರೆ 355. ತೂಕವೆಲ್ಲ ಸೀಸದ್ದು, ಖರ್ಚಿನಲ್ಲಿ ದೊಡ್ಡ ಪಾಲು ನುಂಗುವುದೂ ಅದೇ. ಅದರ ಮೇಲೆ ಬೆಂಕಿ ಹೊತ್ತಿಸುವ ಕೇಪು, ಮದ್ದಿನ ಪೌಡರ್, ಪೌಡರಿಗೂ ಚರೆಗೂ ನಡುವೆ ಕೂರುವ ವ್ಯಾಡ್. 2020ರ ಕೊರೊನಾ ಗಲಾಟೆಯಲ್ಲಿ ಇವೆಲ್ಲ ಅಂಗಡಿಯಿಂದ ಮಾಯವಾದವು, ತಿರುಗಿ ಬಂದಾಗ ಬೆಲೆ ಎಲ್ಲೋ ಹೋಗಿತ್ತು. ಅಗ್ಗದ ಅಂಗಡಿ ತೋಟಾ ನೂರರ ಡಬ್ಬಿಯಲ್ಲಿ ಸಿಗುವಾಗ 12 ಬೋರನ್ನು ಮನೆಯಲ್ಲಿ ತುಂಬಿ ಉಳಿಸುವುದು ಚಿಲ್ಲರೆ ಕಾಸು, ಕೆಲವು ವರ್ಷ ಅದೂ ಇಲ್ಲ. ಮೆಷಿನ್ ದುಡ್ಡು, ತಕ್ಕಡಿ ದುಡ್ಡು, ನನ್ನ ಹೊತ್ತು, ಇದನ್ನೆಲ್ಲ ನಾನು ಲೆಕ್ಕಕ್ಕೆ ಹಿಡಿದೇ ಇಲ್ಲ. ಹಿಡಿದರೆ ಮನೆಯವಳ ಮುಂದೆ ತಲೆ ಎತ್ತುವ ಹಾಗಿಲ್ಲ.

ಉಳಿತಾಯ ನಿಜವಾಗಿ ಇರುವುದು ಸಣ್ಣ ಬೋರುಗಳಲ್ಲಿ. 28 ಬೋರಿಗೆ ಮುಕ್ಕಾಲು ಔನ್ಸ್ ಚರೆ ಸಾಕು, ಅದೇ ಚೀಲದಲ್ಲಿ 533 ತೋಟಾ. ನಾಲ್ಕು-ಹತ್ತು ಅನ್ನುವ ಪುಟ್ಟದಕ್ಕೆ ಅರ್ಧ ಔನ್ಸ್, ಅಲ್ಲಿಗೆ 800. ತಮಾಷೆ ಏನೆಂದರೆ ಅಂಗಡಿಯಲ್ಲಿ ಈ ಸಣ್ಣವೇ ದುಬಾರಿ. ಸೀಸ ಕಮ್ಮಿ, ಬೆಲೆ ಜಾಸ್ತಿ, ಯಾಕೆಂದರೆ ಕೊಳ್ಳುವವರು ಕಮ್ಮಿ. ಅಂದ ಹಾಗೆ 12 ಬೋರ್ ಅಂದರೆ ಏನು ಅಂತ ಊರಲ್ಲಿ ಎಷ್ಟೋ ಜನ ಕೇಳಿದ್ದಾರೆ. ಒಂದು ಪೌಂಡ್ ಸೀಸವನ್ನು ಸಮನಾಗಿ 12 ಗುಂಡು ಮಾಡಿದರೆ ಒಂದು ಗುಂಡು ಎಷ್ಟು ದಪ್ಪವೋ ನಳಿಗೆಯ ಬಾಯಿ ಅಷ್ಟು ಅಗಲ. ಅದಕ್ಕೇ 28 ಬೋರು 12ಕ್ಕಿಂತ ಸಣ್ಣದು. ನಾಲ್ಕು-ಹತ್ತು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ, ಅದು ನೇರ ಇಂಚಿನ ಅಳತೆ, 0.410 ಇಂಚು.

ಹಾಗಾದರೆ ನಾನು 12 ಬೋರು ಯಾಕೆ ತುಂಬುತ್ತೇನೆ ಅಂದರೆ ಭುಜಕ್ಕಾಗಿ. ಅರವತ್ತು ದಾಟಿದ ಮೇಲೆ ನೂರು ಈಡು ಹೊಡೆದರೆ ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಮನೆಯಲ್ಲಿ ನಾನು ಎಂಟನೇ ಏಳು ಔನ್ಸಿನ ಹಗುರ ತೋಟಾ ತುಂಬುತ್ತೇನೆ, ಹತ್ತಿರ ಹತ್ತಿರ 25 ಗ್ರಾಂ ಚರೆ. ಒಲಿಂಪಿಕ್ಸಿನಲ್ಲಿ ಟ್ರ್ಯಾಪ್ ಹೊಡೆಯುವವರಿಗೇ 24 ಗ್ರಾಂ ಮಿತಿ, ನನಗೇನು ಕಮ್ಮಿ? ಒದೆತ ಕಮ್ಮಿ, ಬಿಲ್ಲೆ ಒಡೆಯುವುದು ಅಷ್ಟೇ ಒಡೆಯುತ್ತದೆ. ಇಂಥ ಹಗುರ ತೋಟಾ ನಮ್ಮ ಊರಿನ ಅಂಗಡಿಗಳಲ್ಲಿ ಯಾವಾಗಲೂ ಇರುವುದಿಲ್ಲ.

ಈಗ ನನ್ನಪ್ಪನ ವಿಷಯಕ್ಕೆ ಬರಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಪ್ಪನ ಹತ್ತಿರ ಇದ್ದದ್ದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮಸಿ, ಅಂದರೆ ಕೋವಿ ಮದ್ದು, ಸುರಿದು, ತೆಂಗಿನ ನಾರು ತುರುಕಿ, ಗಜದ ಕೋಲು ಹಾಕಿ ಜಡಿದು, ಚರೆ ಹಾಕಿ, ಮತ್ತೆ ನಾರು ಹಾಕಿ, ಕೊನೆಗೆ ಕೇಪು. ಮಸಿ ಅಳೆಯಲು ಯಾವುದೋ ಬಾಟಲಿಯ ಮುಚ್ಚಳ. ಒಂದು ಸಲ ಸ್ವಲ್ಪ ಜಾಸ್ತಿ, ಒಂದು ಸಲ ಸ್ವಲ್ಪ ಕಮ್ಮಿ. ಏನೂ ಆಗಲಿಲ್ಲ. ಅದು ಅಪ್ಪನ ಕೈಗುಣ ಅಂತ ನಾವು ತಿಳಿದಿದ್ದೆವು. ಕೈಗುಣವಲ್ಲ, ಅದು ಕರಿ ಮಸಿಯ ಗುಣ. ಕರಿ ಮಸಿ ಸಣ್ಣಪುಟ್ಟ ತಪ್ಪನ್ನು ಸಹಿಸಿಕೊಳ್ಳುತ್ತದೆ. ಈಗಿನ ಹೊಗೆ ಬಾರದ ಪೌಡರ್ ಹಾಗಲ್ಲ. ಒತ್ತಡ ಏರಿದಷ್ಟೂ ಅದು ಇನ್ನೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಇನ್ನೂ ಏರುತ್ತದೆ. ಅಂದಾಜು ಅನ್ನುವ ಮಾತಿಗೆ ಅದರ ಹತ್ತಿರ ಜಾಗ ಇಲ್ಲ.

ಇದಕ್ಕೊಂದು ಉದಾಹರಣೆ. ಇಲ್ಲಿನ ತೋಟಾ ಡಬ್ಬಿಗಳ ಮೇಲೆ ಇವತ್ತಿಗೂ 3 ಡ್ರ್ಯಾಮ್, ಎರಡೂ ಮುಕ್ಕಾಲು ಡ್ರ್ಯಾಮ್ ಅಂತೆಲ್ಲ ಅಚ್ಚು ಹಾಕಿರುತ್ತಾರೆ. ಹೊಸಬ ನೋಡಿದರೆ ಒಳಗೆ ಅಷ್ಟು ಪೌಡರ್ ಇದೆ ಅಂದುಕೊಳ್ಳುತ್ತಾನೆ. ಅಲ್ಲ. 3 ಡ್ರ್ಯಾಮ್ ಕರಿ ಮಸಿ ಹಾಕಿದ್ದರೆ ಚರೆ ಎಷ್ಟು ವೇಗದಲ್ಲಿ ಹೋಗುತ್ತಿತ್ತೋ ಈ ತೋಟಾದ ಚರೆ ಅಷ್ಟು ವೇಗದಲ್ಲಿ ಹೋಗುತ್ತದೆ ಅಂತ ಅರ್ಥ, ಅಜ್ಜನ ಕಾಲದ ಅಳತೆ ಹಾಗೇ ಉಳಿದುಕೊಂಡಿದೆ. 3 ಡ್ರ್ಯಾಮ್ ಅಂದರೆ, ಗ್ರೇನು ಎಂಬ ಸಣ್ಣ ತೂಕದ ಲೆಕ್ಕದಲ್ಲಿ, 82 ಗ್ರೇನು. ಅಷ್ಟು ತೂಕದ ಹೊಗೆ ಬಾರದ ಪೌಡರನ್ನು ಯಾರಾದರೂ ತುಂಬಿದರೆ ಬೇಕಾದ್ದಕ್ಕಿಂತ ನಾಲ್ಕೈದು ಪಟ್ಟು ಜಾಸ್ತಿ. ಕೋವಿ ಉಳಿಯುವುದಿಲ್ಲ, ಹಿಡಿದ ಕೈಯೂ ಉಳಿಯುವುದಿಲ್ಲ.

ಆದ್ದರಿಂದ ಶುರು ಮಾಡುವವನು ಮೊದಲು ಕೊಳ್ಳಬೇಕಾದ್ದು ಮೆಷಿನ್ ಅಲ್ಲ, ಪುಸ್ತಕ. ಲೈಮನ್ ಕಂಪನಿಯವರ ಶಾಟ್‌ಶೆಲ್ ಕೈಪಿಡಿ ಇದೆ, ಹಾಡ್ಜ್‌ಡನ್, ಅಲಯಂಟ್ ಎಂಬ ಪೌಡರ್ ಕಂಪನಿಗಳು ತಮ್ಮ ಪಟ್ಟಿಗಳನ್ನು ಪುಕ್ಕಟೆ ಕೊಡುತ್ತವೆ. ಅದರಲ್ಲಿ ಒಂದೊಂದು ಸಾಲೂ ಒಂದೊಂದು ರೆಸಿಪಿ. ಯಾವ ಖಾಲಿ ತೋಟಾ, ಯಾವ ಕೇಪು, ಯಾವ ಪೌಡರ್ ಎಷ್ಟು ಗ್ರೇನು, ಯಾವ ವ್ಯಾಡ್, ಎಷ್ಟು ಚರೆ. ಐದೂ ಹೊಂದಬೇಕು. ನಮ್ಮ ಅಡುಗೆಮನೆಯಲ್ಲಿ ತೊಗರಿಬೇಳೆ ಇಲ್ಲದಿದ್ದರೆ ಹೆಸರುಬೇಳೆ ಹಾಕಿ ಸಾರು ಮಾಡುತ್ತೇವೆ, ಇಲ್ಲಿ ಆ ಜಾಣತನ ನಡೆಯುವುದಿಲ್ಲ. ಕೇಪು ಒಂದನ್ನೇ ಬೇರೆ ಕಂಪನಿಯದು ಹಾಕಿದರೂ ಒತ್ತಡ ಸಾವಿರಾರು ಪಿಎಸ್ಐ, ಅಂದರೆ ಚದರ ಇಂಚಿಗೆ ಅಷ್ಟು ಪೌಂಡ್, ಹೆಚ್ಚುಕಮ್ಮಿ ಆಗಬಹುದು. ಎರಡೂ ಮುಕ್ಕಾಲು ಇಂಚಿನ 12 ಬೋರ್ ತೋಟಾಗೆ ಇಲ್ಲಿನ ಮಿತಿಯೇ 11,500 ಪಿಎಸ್ಐ. ರೈಫಲ್ ತುಂಬುವವರಿಗೆ ಹಿತ್ತಾಳೆಯ ಮೇಲೆ ಗುರುತು ಕಂಡು ಎಚ್ಚರ ಆಗುವ ಅವಕಾಶವಾದರೂ ಇದೆ, ಚರೆ ಕೋವಿಯಲ್ಲಿ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ನಮಗೆ ಪುಸ್ತಕದ ಸಾಲೇ ಗತಿ. ಗ್ರೇನು ಅಂದರೆ ತೂಕ, ಪೌಡರಿನ ಕಾಳು ಅಲ್ಲ. ಪೌಂಡಿಗೆ 7,000 ಗ್ರೇನು. ನಗಬೇಡಿ, ಚಿಮುಟದಲ್ಲಿ ಕಾಳು ಎಣಿಸಲು ಕೂತವನನ್ನು ನಾನೇ ಕಂಡಿದ್ದೇನೆ.

ಎರಡನೆಯದು ಖಾಲಿ ತೋಟಾ. ಇಲ್ಲಿ ಹೆಚ್ಚಿನವರು ವಿಂಚೆಸ್ಟರ್ ಎಎ ಅಥವಾ ರೆಮಿಂಗ್ಟನ್ ಎಸ್‌ಟಿಎಸ್ ಹುಡುಕುತ್ತಾರೆ, ಏಕೆಂದರೆ ಹಲವು ಸಲ ತುಂಬಿದರೂ ಬಾಯಿ ಸೀಳುವುದಿಲ್ಲ. ಹೊರಗಿಂದ ನೋಡಿದರೆ ಎಲ್ಲ ಒಂದೇ. ಒಳಗೆ ಒಂದೊಂದರ ಗೋಡೆ ಓರೆಯಾಗಿ ಇಳಿಯುತ್ತದೆ, ಒಂದೊಂದರದು ನೇರ ಕೊಳವೆ, ತಳದ ಎತ್ತರವೂ ಬೇರೆ. ಒಳಗಿನ ಜಾಗ ಬೇರೆ ಆದರೆ ಒತ್ತಡವೂ ಬೇರೆ. ಹಾಗಾಗಿ ಒಂದೇ ಜಾತಿಯವನ್ನು ಆರಿಸಿ ಬೇರೆ ಇಡಬೇಕು, ಬಣ್ಣ ನೋಡಿ ಅಲ್ಲ, ಒಳಗೆ ಟಾರ್ಚ್ ಬಿಟ್ಟು ನೋಡಿ. ಸೀಳಿದ್ದು, ತಳ ಸುಟ್ಟದ್ದು, ಕೆಸರಾದದ್ದು, ಎಲ್ಲ ಕಸಕ್ಕೆ. ಮತ್ತೆ, ಕ್ಲಬ್ಬಿನಲ್ಲಿ ನೆಲಕ್ಕೆ ಬಿದ್ದದ್ದನ್ನೆಲ್ಲ ಬಾಚಿಕೊಳ್ಳಬೇಡಿ. ಕೆಲವು ಕಡೆ ನೆಲಕ್ಕೆ ಬಿದ್ದದ್ದು ಕ್ಲಬ್ಬಿನ ಆಸ್ತಿ. ಮೊದಲ ತಿಂಗಳು ನಾನು ಗೊತ್ತಿಲ್ಲದೆ ಆಯ್ದುಕೊಂಡು ಬೈಸಿಕೊಂಡಿದ್ದೇನೆ, ಮಾವಿನಕಾಯಿ ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತಿದ್ದೆ.

ಮೆಷಿನ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನನ್ನದು ಮೆಕ್ 600 ಜೂನಿಯರ್, ಹಳೆಯದು, ಯಾರೋ ತೀರಿಕೊಂಡವರ ಮನೆ ಸಾಮಾನು ಮಾರಾಟದಲ್ಲಿ ಕೊಂಡದ್ದು. ಅದನ್ನು ಮಾಡುವ ಕಂಪನಿ ಇರುವ ಮೇವಿಲ್ ಊರು ನಮಗೆ ಕಾರಿನಲ್ಲಿ ಸುಮಾರು ಒಂದು ಗಂಟೆ. ಹಿಡಿ ಒಮ್ಮೆ ಎಳೆದರೆ ಒಂದು ಕೆಲಸ. ಮೊದಲು ಹಳೆ ಕೇಪು ಹೊರಗೆ ಬಂದು ತಳ ಅಳತೆಗೆ ಬರುತ್ತದೆ, ಆಮೇಲೆ ಹೊಸ ಕೇಪು ಕೂರುತ್ತದೆ, ಇಲ್ಲಿ ಅದಕ್ಕೆ 209 ಅಂತ ಹೆಸರು. ನಂತರ ಪೌಡರ್ ಬೀಳುತ್ತದೆ, ಅದರ ಮೇಲೆ ವ್ಯಾಡ್, ಅಂದರೆ ಅಪ್ಪನ ತೆಂಗಿನ ನಾರಿನ ಕೆಲಸ ಮಾಡುವ ಪ್ಲಾಸ್ಟಿಕ್ ಬಟ್ಟಲು, ಬಟ್ಟಲೊಳಗೆ ಚರೆ, ಕೊನೆಗೆ ಎರಡು ಸಲ ಒತ್ತಿ ಬಾಯಿ ಮಡಚುವುದು. ಮಡಿಕೆ ಆರು ಅಥವಾ ಎಂಟು, ಮೊದಲು ಎಷ್ಟಿತ್ತೋ ಅಷ್ಟೇ ಹಾಕಬೇಕು. ಒಂದೇ ಎಳೆತಕ್ಕೆ ಎಲ್ಲ ಕೆಲಸ ಮಾಡುವ ದೊಡ್ಡ ಮೆಷಿನ್ನುಗಳೂ ಇವೆ. ಹೊಸಬರು ಅದರ ಕಡೆ ಕಣ್ಣು ಹಾಕಬೇಡಿ. ಒಂದೊಂದೇ ಹೆಜ್ಜೆ ಕಣ್ಣಿಗೆ ಕಾಣಬೇಕು, ಕಲಿಯುವಾಗ ನಿಧಾನವೇ ಒಳ್ಳೆಯದು.

ಪೌಡರ್ ಅಳೆಯಲು ಈ ಮೆಷಿನ್ನಿನಲ್ಲಿ ಬುಶಿಂಗ್ ಅಂತ ಒಂದು ಪುಟ್ಟ ಬಳೆ ಇರುತ್ತದೆ. ಯಾವ ನಂಬರಿನ ಬಳೆಗೆ ಯಾವ ಪೌಡರ್ ಎಷ್ಟು ಬೀಳುತ್ತದೆ ಅಂತ ಕಂಪನಿಯವರು ಪಟ್ಟಿ ಕೊಟ್ಟಿರುತ್ತಾರೆ. ಆ ಪಟ್ಟಿ ನಂಬಿ ಕೂತರೆ ಕೆಟ್ಟೆವು. ಹಿಡಿ ಎಳೆಯುವ ಜೋರು, ಬಾಟಲಿಯಲ್ಲಿ ಪೌಡರ್ ಎಷ್ಟಿದೆ, ಮೇಜು ಅಲ್ಲಾಡುತ್ತಾ, ಎಲ್ಲದಕ್ಕೂ ಅದು ಬದಲಾಗುತ್ತದೆ. ನನ್ನ ಮೆಷಿನ್ನಿನಲ್ಲಿ ಯಾವಾಗಲೂ ಪಟ್ಟಿಗಿಂತ ಕಮ್ಮಿಯೇ ಬೀಳುತ್ತದೆ. ಹತ್ತು ಸಲ ಬೀಳಿಸಿ ಹತ್ತನ್ನೂ ತಕ್ಕಡಿಯಲ್ಲಿ ತೂಗಬೇಕು, ಹಿಡಿ ಎಳೆಯುವ ಕೈ ಒಂದೇ ಹದದಲ್ಲಿ ಇರಬೇಕು, ತುಂಬುತ್ತಾ ಹೋದಂತೆ ಆಗಾಗ ಮತ್ತೆ ತೂಗಬೇಕು. ತಕ್ಕಡಿ ಇಲ್ಲದವನು ಈ ಕೆಲಸಕ್ಕೆ ಕೈ ಹಾಕಬಾರದು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಪೌಡರ್. ಕೆಲಸ ಮುಗಿದ ಮೇಲೆ ಉಳಿದದ್ದು ಅದರದ್ದೇ ಡಬ್ಬಕ್ಕೆ ವಾಪಸ್. ಗುರುತು ಸಿಗದ ಪೌಡರ್ ಎಷ್ಟೇ ಇರಲಿ, ವಾಸನೆ ನೋಡಿ ಬಣ್ಣ ನೋಡಿ ಇದು ಅದೇ ಇರಬೇಕು ಅಂತ ತೀರ್ಮಾನ ಮಾಡುವ ಹಾಗಿಲ್ಲ, ಅದನ್ನು ಬಳಸುವ ಹಾಗೇ ಇಲ್ಲ.

ಬಾಯಿ ಮಡಚುವಾಗ ಎಲ್ಲರೂ ಎಡವುತ್ತಾರೆ. ನಡುವೆ ತೂತು ಉಳಿದು ಚರೆ ಸೋರುತ್ತದೆ, ಇಲ್ಲವೇ ಬಾಯಿ ಒಳಗೆ ಕುಸಿದು ಕೂರುತ್ತದೆ. ಆಗ ಕೈ ತಾನಾಗೇ ಪೌಡರ್ ಕಡೆ ಹೋಗುತ್ತದೆ, ಸ್ವಲ್ಪ ಕಮ್ಮಿ ಮಾಡೋಣ, ಸ್ವಲ್ಪ ಜಾಸ್ತಿ ಮಾಡಿ ಜಾಗ ತುಂಬೋಣ ಅಂತ. ಬೇಡ. ಮೆಷಿನ್ನಿನ ಮಡಿಕೆ ಸರಿಪಡಿಸಿ. ಆಗಲೂ ಕೂರದಿದ್ದರೆ ಬೇರೆ ವ್ಯಾಡ್ ಇರುವ ಬೇರೆ ರೆಸಿಪಿ ಹುಡುಕಿ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೂರನೇ ವರ್ಷವೋ ನಾಲ್ಕನೇ ವರ್ಷವೋ. ತುಂಬುತ್ತಾ ಕೂತಿದ್ದೆ, ಊರಿಂದ ಫೋನ್ ಬಂತು, ಅಡಿಕೆ ಧಾರಣೆ, ಮಳೆ, ಯಾರದೋ ಮದುವೆ, ಮಾತಾಡುತ್ತಲೇ ಹಿಡಿ ಎಳೆಯುತ್ತಿದ್ದೆ. ಪೌಡರ್ ಬಾಟಲಿ ಯಾವಾಗ ಖಾಲಿಯಾಯಿತೋ ನೋಡಲೇ ಇಲ್ಲ. ಕೆಲವು ತೋಟಾಗಳಿಗೆ ಕೇಪು, ವ್ಯಾಡ್, ಚರೆ ಎಲ್ಲ ಬಿದ್ದಿದೆ, ಪೌಡರ್ ಮಾತ್ರ ಇಲ್ಲ. ಕ್ಲಬ್ಬಿನಲ್ಲಿ ಹೊಡೆದಾಗ ಢಂ ಅನ್ನುವ ಬದಲು ಪುಸ್ ಅಂತು. ಚರೆ ನಾಲ್ಕು ಮಾರು ದೂರದಲ್ಲಿ ಉದುರಿತು. ನಾನು ಇದೇನಪ್ಪಾ ಅಂದುಕೊಂಡು ಇನ್ನೊಂದು ತೋಟಾ ಹಾಕಲು ಹೊರಟಿದ್ದೆ. ಪಕ್ಕದಲ್ಲಿದ್ದ ಅಜ್ಜ, ಎಂಬತ್ತರ ಮೇಲಾಗಿರಬೇಕು, ನನ್ನ ತೋಳು ಗಟ್ಟಿ ಹಿಡಿದು ನಿಲ್ಲಿಸಿದರು. ನಳಿಗೆ ಬಗ್ಗಿಸಿ ನೋಡಿದರೆ ವ್ಯಾಡ್ ಮಧ್ಯದಲ್ಲೇ ಸಿಕ್ಕಿಕೊಂಡಿದೆ. ಅದರ ಹಿಂದೆ ಸರಿಯಾದ ತೋಟಾ ಒಂದು ಹಾಕಿ ಹೊಡೆದಿದ್ದರೆ ನಳಿಗೆ ಸೀಳಿ ಎಡಗೈ ಹೋಗುತ್ತಿತ್ತು. ಅವತ್ತಿನ ಮಿಕ್ಕ ತೋಟಾ ಎಲ್ಲ, ಇನ್ನೂರಕ್ಕೂ ಮೇಲೆ, ಮನೆಗೆ ತಂದು ಕೊಯ್ದು ಬಿಚ್ಚಿದೆ. ಅವುಗಳಲ್ಲಿ ಇನ್ನೂ ಆರು ಹಾಗೆಯೇ ಇದ್ದವು.

ಅಲ್ಲಿಂದ ಫೋನು ಆ ಕೋಣೆಗೆ ಬರುವುದಿಲ್ಲ. ಬಾಯಿ ಮಡಚುವ ಮುಂಚೆ ಪ್ರತಿ ತೋಟಾದೊಳಗೂ ಕಣ್ಣು ಹಾಯಿಸುತ್ತೇನೆ. ನಡುವೆ ಏಳಬೇಕಾಗಿ ಬಂದರೆ, ಮೆಷಿನ್ ಮೇಲೆ ಇರುವುದನ್ನು ಬಿಚ್ಚಿ ಮೊದಲಿಂದ ಶುರು. ಎರಡು ಸಲ ಪೌಡರ್ ಬಿದ್ದಿದೆಯೋ ಅನ್ನುವ ಅನುಮಾನ ಪುಸ್ ಅನ್ನುವುದಕ್ಕಿಂತ ಕೆಟ್ಟದ್ದು. ಹೊಸಬರು ಮೊದಲ ಸಲಕ್ಕೆ ಇಪ್ಪತ್ತೈದೇ ತುಂಬಿ, ಡಬ್ಬಿ ಮೇಲೆ ತಾರೀಕು, ರೆಸಿಪಿ ಬರೆದು, ನಳಿಗೆ ಬಗ್ಗಿಸಿ ತೋಟಾ ಹಾಕುವ ಕೋವಿಯಲ್ಲಿ ಒಂದೊಂದೇ ಹಾಕಿ ಹೊಡೆಯಿರಿ. ಸದ್ದು ಒಂಚೂರು ಬೇರೆ ಅನ್ನಿಸಿದರೂ ನಿಲ್ಲಿಸಿ, ಕೋವಿ ಖಾಲಿ ಮಾಡಿ, ನಳಿಗೆಯಲ್ಲಿ ಬೆಳಕು ಕಾಣುತ್ತಾ ನೋಡಿ.

ಸೀಸ ಮುಟ್ಟಿದ ಕೈಯಲ್ಲಿ ತಿನ್ನಬಾರದು ಅಂತ ಎಲ್ಲರಿಗೂ ಗೊತ್ತು, ಯಾರೂ ಪಾಲಿಸುವುದಿಲ್ಲ. ನಾನು ಅಲ್ಲಿ ಕಾಫಿ ಲೋಟ ಸಹ ಇಡುವುದಿಲ್ಲ, ಏಳುವಾಗ ಸೋಪು ಹಾಕಿ ಕೈ ತೊಳೆಯುತ್ತೇನೆ, ಮೊಮ್ಮಗು ಬಂದಾಗ ಆ ಕೋಣೆಗೆ ಬೀಗ. ಚೆಲ್ಲಿದ ಪೌಡರನ್ನು ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆಯಬೇಡಿ, ಒಂದು ಕಿಡಿ ಸಾಕು. ಕುಂಚದಲ್ಲಿ ಗುಡಿಸಿ. ಪೌಡರನ್ನು ಅದರ ಸ್ವಂತ ಡಬ್ಬದಲ್ಲೇ ಇಡಬೇಕು, ಗಟ್ಟಿ ಕಬ್ಬಿಣದ ಪೆಟ್ಟಿಗೆಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಬೆಂಕಿ ಬಿದ್ದ ದಿನ ಅದೇ ಬಾಂಬು. ಬಾತುಕೋಳಿ ಬೇಟೆಗೆ ಹೋಗುವವರಿಗೆ ಇನ್ನೊಂದು ಮಾತು. 1991ರಿಂದ ಅಮೆರಿಕದಲ್ಲಿ ನೀರುಹಕ್ಕಿಗಳಿಗೆ ಸೀಸದ ಚರೆ ಬಳಸುವಂತಿಲ್ಲ, ಸ್ಟೀಲಿನಂಥ ವಿಷವಲ್ಲದ ಚರೆ ಹಾಕಬೇಕು. ಸೀಸದ ರೆಸಿಪಿಯಲ್ಲಿ ಸೀಸ ತೆಗೆದು ಸ್ಟೀಲ್ ಹಾಕಿದರೆ ಆಯಿತು ಅಂದುಕೊಳ್ಳಬೇಡಿ. ಅದರ ವ್ಯಾಡ್ ಬೇರೆ, ಪೌಡರ್ ಬೇರೆ, ಪೂರ್ತಿ ಬೇರೆ ಲೆಕ್ಕ.

ಇನ್ನು ಆ ಇಬ್ಬರಿಗೆ ಯಾಕೆ ಬೇಡ ಅಂದೆ ಅನ್ನುವುದು.

ವೀಸಾದ ಹುಡುಗನಿಗೆ ಗೊತ್ತಿರಲಿಲ್ಲ, ಇಲ್ಲಿನ ಎಷ್ಟೋ ಕನ್ನಡಿಗರಿಗೂ ಗೊತ್ತಿಲ್ಲ. ಅಮೆರಿಕದಲ್ಲಿ ಸ್ವಂತಕ್ಕೆ ತೋಟಾ ತುಂಬಿಕೊಳ್ಳಲು ಕೇಂದ್ರದ ಲೈಸೆನ್ಸ್ ಬೇಕಿಲ್ಲ, ಮಾರಲು ತುಂಬುವುದಾದರೆ ಬೇಕು. ಇದನ್ನು ಓದಿ ಎಲ್ಲರೂ ತಮಗೂ ಅನ್ವಯಿಸುತ್ತದೆ ಅಂದುಕೊಳ್ಳುತ್ತಾರೆ. ಆದರೆ ಎಚ್‌-1ಬಿ, ಎಫ್‌-1 ತರಹದ ತಾತ್ಕಾಲಿಕ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಅಂತ ಇಲ್ಲಿನ ಕೇಂದ್ರ ಕಾನೂನು ಹೇಳುತ್ತದೆ. ಮದ್ದುಗುಂಡು ಅಂದರೆ ತುಂಬಿದ ತೋಟಾ ಮಾತ್ರ ಅಲ್ಲ, ಕೇಪು, ಪೌಡರ್ ಕೂಡ ಆ ವ್ಯಾಖ್ಯೆಯಲ್ಲಿ ಸೇರುತ್ತದೆ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಪಡೆದಿದ್ದರೆ ವಿನಾಯಿತಿ ಇದೆ, ಇನ್ನೂ ಒಂದೆರಡು ಇವೆ. ಅದನ್ನು ವಕೀಲರ ಹತ್ತಿರ ಕೂತು ತಿಳಿದುಕೊಳ್ಳಬೇಕು, ನನ್ನಂಥ ಅಂಕಲ್ ಹತ್ತಿರ ಅಲ್ಲ. ಒಂದು ಡಬ್ಬಿ ಕೇಪಿಗಾಗಿ ಗ್ರೀನ್ ಕಾರ್ಡ್ ಕಳೆದುಕೊಳ್ಳುವ ಕೆಲಸ ಯಾಕೆ? ಅವನಿಗೆ ಕ್ಲಬ್ಬಿಗೆ ಬಾ, ಕೂತು ನೋಡು, ಚಹಾ ಕುಡಿ ಅಂದೆ. ಅದಕ್ಕೂ ಮುಖ ಊದಿಸಿಕೊಂಡ.

ಅಣ್ಣನ ಮಗನ ವಿಷಯ ಇನ್ನೂ ಗಟ್ಟಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅಂದರೆ ಏನು ಅಂತ ಬರೆದಿರುವುದನ್ನು ಒಮ್ಮೆ ಓದಿ. ಅದರ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರ, ಎಲ್ಲವೂ ಅದರೊಳಗೆ ಬರುತ್ತದೆ. ನನ್ನ ಮೇಜಿನ ಮೇಲಿರುವ ಈ ಹಳೇ ಮೆಕ್ ಮೆಷಿನ್, ಒಂದು ಚರೆ ಕಾಳು ಕೂಡ ಇಲ್ಲದೆ ಸುಮ್ನೆ ಸೂಟ್‌ಕೇಸಿನಲ್ಲಿ ಬಂದರೂ, ಕಾನೂನಿನ ಕಣ್ಣಿಗೆ ಮದ್ದುಗುಂಡೇ. ಪರವಾನಗಿ ಇಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಜೈಲು, ಹೆಚ್ಚೆಂದರೆ ಜೀವಾವಧಿ. ಬೆಳೆ ರಕ್ಷಣೆಯ ಪರವಾನಗಿ ಕೈಯಲ್ಲಿದೆ, ಆದ್ದರಿಂದ ತೋಟಾ ತುಂಬಿಕೊಳ್ಳಬಹುದು ಅಂತ ತಾನೇ ಅರ್ಥ ಮಾಡಿಕೊಂಡರೆ ಆಗುವುದಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು 2029ರವರೆಗೆ ವಿನಾಯಿತಿ ಇದೆಯಲ್ಲ, ನಮಗ್ಯಾಕಿಲ್ಲ ಅಂದ. ಅದು ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ, ಒಯ್ಯುವ ವಿಷಯ, ಮನೆಯಲ್ಲಿ ತೋಟಾ ಕಾರ್ಖಾನೆ ಇಡುವ ವಿಷಯ ಅಲ್ಲ ಅಂದೆ.

ಕಾನೂನು ಬದಿಗಿಟ್ಟರೂ ಅವನಿಗೆ ದಾರಿ ಇಲ್ಲ. ಅವನು ಕೊಳ್ಳುವುದು ಪುಣೆಯ ಖಡ್ಕಿ ಮದ್ದುಗುಂಡು ಕಾರ್ಖಾನೆಯ ಶಕ್ತಿಮಾನ್ ತೋಟಾ. ಇಲ್ಲಿನ ಪುಸ್ತಕಗಳಲ್ಲಿ ಆ ಖಾಲಿ ತೋಟಾಗೆ ರೆಸಿಪಿ ನಾನು ಎಲ್ಲೂ ನೋಡಿಲ್ಲ. ಇಲ್ಲಿ ಪಟ್ಟಿ ಮಾಡಿರುವ ಪೌಡರ್ ಅಲ್ಲಿ ಸಿಗುವುದಿಲ್ಲ. ಆಗ ಏನು ಮಾಡುತ್ತಾರೆ? ಪಟಾಕಿ ಒಡೆದು ತೆಗೆದದ್ದು, ಯಾರೋ ಕೊಟ್ಟದ್ದು, ಹಂದಿಗೆ ಅಂತ ಒಂದಿಷ್ಟು ಜಾಸ್ತಿ. ಅಪ್ಪನ ಮುಚ್ಚಳದ ಅಳತೆ ತೋಟಾ ಕೋವಿಗೆ ಬಂದು ಕೂರುತ್ತದೆ. ವಾಟ್ಸಾಪಿನಲ್ಲಿ ಓಡಾಡುವ ವಿಡಿಯೋ ಒಂದನ್ನು ಅವನೇ ನನಗೆ ಕಳಿಸಿದ್ದ. ಅದರಲ್ಲಿ ಒಬ್ಬ ಮಹಾನುಭಾವ ಪೌಡರನ್ನು ಚಮಚದಲ್ಲಿ ಹಾಕುತ್ತಾನೆ, ಬಾಯಲ್ಲಿ ಬೀಡಿ ಬೇರೆ. ಅದನ್ನು ನೋಡಿದ ಮೇಲೆಯೇ ಈ ಪತ್ರ ಬರೆಯಲೇಬೇಕು ಅನ್ನಿಸಿದ್ದು.

ಆದ್ದರಿಂದ ನಿಮ್ಮಲ್ಲಿ ಕೇಳುವುದು ಇಷ್ಟೇ. ಆ ಬರಹಕ್ಕೆ ಒಂದು ತಿದ್ದುಪಡಿ ಹಾಕಿ. ಅರ್ಧಕ್ಕರ್ಧ ಉಳಿಯುವುದಿಲ್ಲ, ಒಂದು ಮಧ್ಯಾಹ್ನ ಸಾಕಾಗುವುದಿಲ್ಲ, ಮತ್ತು ಇದು ಕರ್ನಾಟಕದಲ್ಲಿ ಮಾಡಿ ನೋಡುವ ಕೆಲಸ ಅಲ್ಲ, ಈ ಮೂರು ಮಾತು ಸಾಕು. ಹಂದಿ ಕಾಟದ ಬಗ್ಗೆ ಬೇಕಿದ್ದರೆ ಇನ್ನೊಂದು ದಿನ ಬೇರೆ ಪತ್ರ ಬರೆಯುತ್ತೇನೆ, ಅದರ ಬಗ್ಗೆಯೂ ಹೊಟ್ಟೆಯಲ್ಲಿ ಬಹಳ ಇದೆ.

ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ. ಅಣ್ಣನ ಮಗನಿಗೆ ಒಳ್ಳೆಯದೊಂದು ತಲೆಗೆ ಕಟ್ಟುವ ಟಾರ್ಚ್ ತೆಗೆದಿಟ್ಟಿದ್ದೇನೆ. ಅವನ ಮಗಳು ಫೋನಿನಲ್ಲಿ ಕೆಂಪು ಖಾಲಿ ತೋಟಾ ಒಂದು ತಾ ಅಜ್ಜಾ, ಪೆನ್ಸಿಲ್ ಇಡ್ತೀನಿ ಅಂತ ಕೇಳಿತ್ತು. ಅದೂ ಆಗುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಬ್ಯಾಗಿನಲ್ಲಿ ಖಾಲಿ ತೋಟಾ ಸಿಕ್ಕಿ ಪೊಲೀಸ್ ಠಾಣೆಗೆ ಹೋದವರ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಓದಿದ್ದೇನೆ. ಹೊರಡುವ ಹಿಂದಿನ ರಾತ್ರಿ ಕ್ಲಬ್ಬಿಗೆ ಹಾಕುವ ಜಾಕೆಟ್ಟಿನ ಜೇಬುಗಳನ್ನು ಹೆಂಡತಿ ಒಂದು ಸಲ, ನಾನು ಒಂದು ಸಲ ಹುಡುಕುತ್ತೇವೆ. ಹೋದ ಸಲ ಎರಡು ಸಿಕ್ಕಿದ್ದವು.

ಇಂತಿ,
ತೀರ್ಥಹಳ್ಳಿ ಕಡೆಯ ಒಬ್ಬ ಓದುಗ
ವಿಸ್ಕಾನ್ಸಿನ್, ಅಮೆರಿಕ